ಗುರ್ ಅನ್ನದ ನಾಯಿ

ಗೋದಾಮಿನ ಕಾವಲು ನಾಯಿಗಳನ್ನು ಮೂವತ್ತು ವರ್ಷ ಪಳಗಿಸಿದ ಆತನನ್ನು ಎಲ್ಲರೂ ಸರಪಳಿ ಮೇಸ್ತ್ರಿ ಅನ್ನುತ್ತಿದ್ದರು. ಕುತ್ತಿಗೆಗೆ ಬಿಗಿಯುವ ಸರಪಳಿಯನ್ನು ಆತ ಒಮ್ಮೆ ಜಗ್ಗಿದರೆ ಕರುವಿನೆತ್ತರದ ನಾಯಿಯೂ ಕಮಕ್ ಕಿಮಕ್ ಅನ್ನದೆ ಕೂರುತ್ತಿತ್ತು. ನಾಯಿ ತೋಳದ ಸಂತಾನ, ನೀನು ಅದರ ಯಜಮಾನ ಆಗದಿದ್ದರೆ ಅದೇ ನಿನ್ನ ಯಜಮಾನ ಆಗುತ್ತದೆ ಎಂದು ಆತನಿಗೆ ಕಲಿಸಿದವರು ಹೇಳಿದ್ದರು. ಬಗ್ಗದಿದ್ದರೆ ಅಂಗಾತ ಕೆಡವು, ಕಣ್ಣು ತಪ್ಪಿಸುವವರೆಗೆ ಗಂಟಲು ಒತ್ತಿ ಹಿಡಿ. ಗುರ್ ಅಂದರೆ ಮೂತಿಗೆ ಬಾರಿಸು. ಆತ ಬಾರಿಸಿದ. ತನ್ನ ಕೈಯಲ್ಲಿ ಪಳಗಿದ ನಾಯಿ ಗುರ್ ಅನ್ನುವುದಿಲ್ಲ ಎಂದು ಎದೆ ಉಬ್ಬಿಸಿಕೊಂಡು ತಿರುಗಿದ.

ಮಸಿ ಎಂಬ ಕಪ್ಪು ನಾಯಿ ಅನ್ನದ ತಟ್ಟೆಯ ಹತ್ತಿರ ಗುರ್ ಅನ್ನತೊಡಗಿದಾಗಲೂ ಅದೇ ಮದ್ದು. ಹದಿನೈದು ದಿನದಲ್ಲಿ ಅದರ ಬಾಯಿ ಕಟ್ಟಿತು. ಆಮೇಲೊಂದು ಬೆಳಿಗ್ಗೆ, ನಾಯಿಗಳಿಗೆ ಅನ್ನ ಹಾಕುತ್ತಿದ್ದ ಮೇಸ್ತ್ರಿಯ ಭಾವಮೈದುನ ತಟ್ಟೆ ಸರಿಸಲು ಕೈ ಚಾಚಿದ. ಮಸಿ ಸದ್ದಿಲ್ಲದೆ ಎರಗಿ ಎರಡು ಬೆರಳು ತೆಗೆಯಿತು.

ಮಧ್ಯಾಹ್ನದೊಳಗೆ ಅದಕ್ಕೆ ಸೂಜಿ ಹಾಕಿಸಿ ಮುಗಿಸಿದರು. ಹೂಳುವ ಮುಂಚೆ ಮೇಸ್ತ್ರಿ ಅದರ ತುಟಿ ಎತ್ತಿ ನೋಡಿದ. ದವಡೆ ಹಲ್ಲಿನ ಬುಡ ಕೀವು ತುಂಬಿ ನಿಂಬೆಕಾಯಿಯಂತೆ ಊದಿತ್ತು. ತುಟಿ ಮುಚ್ಚಿದ, ಮಣ್ಣು ಎಳೆದ. ವರದಿಯಲ್ಲಿ ‘ಕಾರಣವಿಲ್ಲದೆ ಕಚ್ಚಿತು’ ಎಂದು ಬರೆದ.

ಅದಾಗಿ ಇಪ್ಪತ್ತೆರಡು ವರ್ಷ. ಈಗಲೂ ಊಟದ ತಟ್ಟೆಗೆ ಕೈ ಹಾಕಿದಾಗಲೆಲ್ಲ ಬೆನ್ನ ಹಿಂದೆ ಏನೋ ಉಸಿರು ಬಿಗಿಹಿಡಿದು ನಿಂತಂತೆ ಆತನಿಗೆ ಅನಿಸುತ್ತದೆ. ಸದ್ದಿದ್ದರೆ ತಿರುಗಿ ಗದರಿಸಬಹುದಿತ್ತು.

ಮಗಳು ಪಶುವೈದ್ಯೆ. ಚಿಕಿತ್ಸಾಲಯದ ಹಿತ್ತಲಲ್ಲಿ ಮಾಂಸದ ತುಣುಕು ಕೊಟ್ಟು ನಾಯಿಗಳಿಗೆ ಪಾಠ ಹೇಳುತ್ತಾಳೆ.

“ಲಂಚ ಕೊಟ್ಟು ಕೆಲಸ ಮಾಡಿಸ್ತೀಯ” ಎಂದು ಮೇಸ್ತ್ರಿ ಒಮ್ಮೆ ಚುಚ್ಚಿದ.

“ನೀವು ಲಾಠಿ ಕೊಟ್ಟು ಮಾಡಿಸಿದ್ರಲ್ಲಪ್ಪ. ಹಿಂದೆ ಯಾರೋ ವಿಜ್ಞಾನಿಗಳು ಎಲ್ಲೆಲ್ಲಿಂದಲೋ ಹಿಡಿದ ತೋಳಗಳನ್ನ ಒಂದೇ ಬೋನಿಗೆ ತುಂಬಿ, ಅವು ಕಿತ್ತಾಡಿದ್ದನ್ನ ನೋಡಿ ಮಾಡಿದ ಪಾಠ ನಿಮ್ಮದು. ಜೈಲು ನೋಡ್ಬಂದು ಸಂಸಾರ ಅಂದ್ರೆ ಹಿಂಗೇ ಅಂದಂಗೆ. ಕಾಡಲ್ಲಿ ತೋಳದ ಗುಂಪು ಅಂದ್ರೆ ಅಪ್ಪ, ಅಮ್ಮ, ಮಕ್ಕಳು.”

“ಗುರ್ ಅನ್ನೋದನ್ನ ಬಿಡಿಸಿದ್ರೆ?”

“ನೋವು, ಹೆದರಿಕೆ ಎಲ್ಲಿಗೂ ಹೋಗಲ್ಲ. ಹೇಳೋದನ್ನ ಬಿಡತ್ತೆ, ಅಷ್ಟೆ. ಆಮೇಲೆ ನೇರ ಹಲ್ಲೇ.”

ಮೇಸ್ತ್ರಿ ಉಳಿದ ಚಹಾ ಕುಡಿಯಲಿಲ್ಲ.

ಮುಂದಿನ ವಾರ ಭಾವಮೈದುನ ಒಂದು ಕಂದು ನಾಯಿಯನ್ನು ಎಳೆದುಕೊಂಡು ಬಂದ. ಮೂರು ಬೆರಳಲ್ಲೇ ಹಗ್ಗ ಹಿಡಿದಿದ್ದ.

“ಭಾವ, ಮಗಳ ಮನೇದು. ಮೊಮ್ಮಗಳು ಹತ್ರ ಹೋದ್ರೆ ಗುರ್ ಅನ್ನತ್ತೆ. ಬಿಡಿಸಿಕೊಡು. ಮೂರು ಬೆರಳಲ್ಲಿ ತುತ್ತು ಕಲಸೋ ವಿದ್ಯೆ ನಮ್ಮನೇಲಿ ನನ್ನೊಬ್ಬನಿಗೆ ಬಂದ್ರೆ ಸಾಕು.”

ಹದಿನೈದು ದಿನದ ಕೆಲಸ. ಕೈ ಇನ್ನೂ ಮರೆತಿರಲಿಲ್ಲ. ಕಣ್ಣ ಮುಂದೆ ಮಾತ್ರ ಆ ಕೂಸಿನ ಕೈ ಬಂತು.

“ಬಿಡಿಸಲ್ಲ” ಎಂದ ಮೇಸ್ತ್ರಿ.

“ಯಾಕೆ, ಕೈ ನಡುಗತ್ತಾ?”

“ಮಸಿಗೆ ಬಿಡಿಸಿದ್ದೂ ನಾನೇ. ಅದರ ಹಲ್ಲು ಕೊಳೆತು ನೋಯ್ತಿತ್ತು. ಅದಕ್ಕೇ ತಟ್ಟೆ ಹತ್ರ ಗುರ್ ಅಂತಿತ್ತು. ಹೊಡೆದು ಹೊಡೆದು ಬಾಯಿ ಮುಚ್ಚಿಸ್ದೆ. ನಿನಗೆ ‘ಬರಬೇಡ’ ಅನ್ನೋಕೆ ಅದರ ಹತ್ರ ಏನೂ ಉಳಿಸಿರಲಿಲ್ಲ.”

ಭಾವಮೈದುನ ಮೆಟ್ಟಿಲ ಮೇಲೆ ಕುಕ್ಕರಿಸಿದ. “ಹಲ್ಲಿಂದು ಯಾವಾಗ ಗೊತ್ತಾಯ್ತು?”

“ಅವತ್ತೇ.”

“ಅವತ್ತೇ.” ಆತ ಆ ಮಾತನ್ನು ಬಾಯಲ್ಲಿ ಅಗಿದ. “ಇಷ್ಟು ವರ್ಷ ನಿನ್ನ ಪಕ್ಕದಲ್ಲೇ ಕೂತು ಆ ನಾಯೀನ ಬೈಕೊಂಡು ಉಂಡೆ. ನೀನೂ ಹೂಂ ಅಂದ್ಕೊಂಡು ಉಂಡೆಯಲ್ಲೋ.”

ದನಿ ಏರಿದ್ದಕ್ಕೆ ಕಂದು ನಾಯಿ ಗುರ್ ಅಂತು. ಭಾವಮೈದುನನ ಕೈ ತಾನಾಗಿ ಮೇಲೆದ್ದು ಅರ್ಧಕ್ಕೇ ನಿಂತಿತು.

“ಹಾಗಾದ್ರೆ ಇದನ್ನೇನು ಮಾಡ್ಲಿ?”

“ನನ್ನ ಮಗಳಿಗೆ ತೋರ್ಸು. ಎಲ್ಲಿ ನೋವಿದೆ ನೋಡ್ತಾಳೆ. ಅಲ್ಲಿವರೆಗೆ ಕೂಸನ್ನ ಹತ್ರ ಬಿಡಬೇಡಿ.”

ಆತ ಎದ್ದ. ಬೈದಾನು ಎಂದು ಮೇಸ್ತ್ರಿ ಕಾದ, ಬೈಯಲಿಲ್ಲ. “ಇನ್ಮೇಲೆ ನನಗೆ ಅನ್ನ ಇಡೋದು ಬೇಡ ಅಂತ ಅಕ್ಕನಿಗೆ ಹೇಳು” ಎಂದಷ್ಟೇ ಹೇಳಿ ನಾಯಿಯನ್ನು ಕರೆದುಕೊಂಡು ಹೋದ.

ಹೆಂಡತಿ ಅಡುಗೆಮನೆಯಿಂದ ಇಣುಕಿದಳು. “ತಮ್ಮನ ದನಿ ಕೇಳಿಸ್ತಲ್ಲ, ಎಲ್ಲಿ ಹೋದ?”

“ಒಲೆ ಆರಿಸಿ ಬಾ” ಎಂದ ಮೇಸ್ತ್ರಿ. “ನಿನಗೂ ಹೇಳೋದಿದೆ.”