ಸಾಯಗಾಂವದ ಹೆಂಗಸರು ಟಿವಿಯಲ್ಲಿ ಬಂದದ್ದು

ಹೋದ ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಟಿವಿಯೊಳಗೂ ರತ್ನಕ್ಕ, ಟಿವಿಯ ಮುಂದೆಯೂ ರತ್ನಕ್ಕ. ಒಳಗಿದ್ದವಳು ಹರೆಯದವಳು, ಸೆರಗನ್ನು ಸೊಂಟಕ್ಕೆ ಬಿಗಿದಿದ್ದಳು. ಹೊರಗಿದ್ದವಳು ನೋಯುವ ಮೊಣಕಾಲನ್ನು ಸ್ಟೂಲಿನ ಮೇಲೆ ಚಾಚಿ ಚಹಾ ಕುಡಿಯುತ್ತಿದ್ದಳು.

ರತ್ನಕ್ಕ ನನ್ನ ದೊಡ್ಡಮ್ಮನ ಮಗಳು. ಭಾಲ್ಕಿ ತಾಲೂಕಿನ ಸಾಯಗಾಂವಕ್ಕೆ ಕೊಟ್ಟಿದ್ದು. ಕಣ್ಣು ತೋರಿಸಲೆಂದು ಬೀದರಕ್ಕೆ ಬಂದು ನಮ್ಮಲ್ಲಿ ಉಳಿದಿದ್ದಳು. ಟಿವಿಯಲ್ಲಿ ಆ ಹಳೆಯ ಕ್ರೀಡಾ ಕಾರ್ಯಕ್ರಮದ ವಾರ್ಷಿಕೋತ್ಸವದ ಸಂಚಿಕೆ. (ಹೆಸರು ಬೇಡ. ನನ್ನ ವಯಸ್ಸಿನವರಿಗೆ ಅದರ ಟ್ಯೂನ್ ಕೇಳಿದರೆ ಸಾಕು.)

ಈ ಕಾರ್ಯಕ್ರಮದಷ್ಟು ದೀರ್ಘ ಇನ್ನಿಂಗ್ಸ್ ಅದರಲ್ಲಿ ಕಾಣಿಸಿಕೊಂಡ ಯಾವ ಬ್ಯಾಟ್ಸ್‌ಮನ್ನೂ ಆಡಿಲ್ಲ. ಬ್ಲ್ಯಾಕ್ ಆಂಡ್ ವೈಟ್ ಕಾಲದಲ್ಲಿ ಶುರುವಾಯಿತು. ನಿರೂಪಕರ ಟೈ ಅಗಲವಾಯಿತು, ಸಣ್ಣದಾಯಿತು, ಕೊನೆಗೆ ಮಾಯವೇ ಆಯಿತು. ಕಲರ್ ಬಂತು, ಸ್ಪಾನ್ಸರ್ ಬಂದರು, ಕೇಬಲ್ ಬಂತು. ಈಗ ಮೊಬೈಲಿನಲ್ಲೂ ಬರುತ್ತದೆ. ಮೊದಲರ್ಧ ಕ್ರಿಕೆಟ್, ಉಳಿದರ್ಧದಲ್ಲಿ ದೇಶದ ಬಾಕಿ ಎಲ್ಲ ಆಟ. ಅದೊಂದು ಮಾತ್ರ ಬದಲಾಗಲಿಲ್ಲ.

ನಡುವೆ ಒಂದು ವರ್ಷ ಅವರಿಗೆ ಇದ್ದಕ್ಕಿದ್ದಂತೆ ಹಳ್ಳಿ ಆಟಗಳ ಮೇಲೆ ಪ್ರೀತಿ ಹುಟ್ಟಿತು. ನಮ್ಮ ಕಡೆ ಬರ ಬಿದ್ದ ವರ್ಷವೇ ಹುಟ್ಟಬೇಕೆ?

ಜೋಳ ತೆನೆ ಕಟ್ಟಿರಲಿಲ್ಲ. ಗಂಡಸರು ಕಟ್ಟಡದ ಕೆಲಸಕ್ಕೆಂದು ಹೈದರಾಬಾದಿಗೆ ಹೋಗಿದ್ದರು. ಟಿವಿಯವರ ಜೀಪು ಕಬಡ್ಡಿ ಹುಡುಕಿಕೊಂಡು ಮೊದಲು ಔರಾದ್ ಕಡೆಯ ಒಂದು ಊರಿಗೆ ಹೋಯಿತು. ಅಲ್ಲಿ ಮನೆಮನೆಗೆ ಬೀಗ. ಯಾರೋ ಸಾಯಗಾಂವ ಅಂದರು. ಬಂದರೆ, ಇಲ್ಲಿನ ಕ್ಯಾಪ್ಟನ್ ಮಾರುತಿ, ಅಂದರೆ ರತ್ನಕ್ಕನ ಗಂಡ, ಟೀಮಿನ ಸಮೇತ ಹೈದರಾಬಾದ್ ಸೇರಿಯಾಗಿತ್ತು. ಊರಲ್ಲಿ ಉಳಿದವರು ವಯಸ್ಸಾದವರು, ಮತ್ತು ಬರಗಾಲದ ಕಾಮಗಾರಿಯಲ್ಲಿ ಕೆರೆಯ ಹೂಳು ಹೊರುತ್ತಿದ್ದ ಹೆಂಗಸರು.

"ಆಡೋರು ಯಾರೂ ಇಲ್ವಾ?" ಡೈರೆಕ್ಟರ್ ಕೇಳಿದರಂತೆ.

"ನಾವು ಇದ್ದೇವಲ್ರಿ," ಅಂದಳು ರತ್ನಕ್ಕ, ಬುಟ್ಟಿ ಕೆಳಗಿಟ್ಟು.

"ನಿಮಗೆ ಬರುತ್ತಾ?"

"ಸಣ್ಣಂದಿನಿಂದ ನೋಡೇವ್ರಿ. ನೋಡಿದಷ್ಟು ಬರ್ತದ."

ಶಾಲೆಯ ಮುಂದಿನ ಬಯಲಿನಲ್ಲಿ ಗೆರೆ ಎಳೆದರು. ರತ್ನಕ್ಕನ ಅತ್ತೆಯೇ ಅಂಪೈರ್. (ಅತ್ತೆಯ ತೀರ್ಪಿನ ಮೇಲೆ ಸೊಸೆ ಅಪೀಲು ಹೋಗುವ ಪದ್ಧತಿ ಆಗ ಇರಲಿಲ್ಲ.) ರತ್ನಕ್ಕ ಉಸಿರು ಹಿಡಿದು ನುಗ್ಗಿದಳು. ಇಬ್ಬರನ್ನು ಮುಟ್ಟಿದಳು. ಕಾಲಿಗೆ ಬಿದ್ದು ಹಿಡಿದವಳನ್ನೂ ಎಳೆದುಕೊಂಡೇ ಗೆರೆ ತಲುಪಿದಳು. ಟಿವಿಯಲ್ಲಿ ಬಂದದ್ದು ಇಷ್ಟು. ಆಮೇಲೆ ಟೂತ್‌ಪೇಸ್ಟ್ ಜಾಹೀರಾತು.

ಆಟ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ಜೀಪು ಹೋದ ಮೇಲೂ ಹೆಂಗಸರು ಸಂಜೆ ಕೆಲಸ ಬಿಟ್ಟೊಡನೆ ಬಯಲಿಗೆ ಬಂದರು. ಮೈಯೆಲ್ಲ ಮಣ್ಣಾಗುತ್ತದೆ ಎಂಬ ಅಂಜಿಕೆ ಇಲ್ಲ, ಹಗಲೆಲ್ಲ ಹೊತ್ತದ್ದು ಮಣ್ಣೇ ತಾನೆ? ಟಿವಿ ನೋಡಿ ಔರಾದ್ ಕಡೆಯ ಇನ್ನೊಂದು ಊರಿನ ಹೆಂಗಸರೂ ಶುರುಮಾಡಿದ್ದರಂತೆ. ಅವರಿಂದ ಪಂದ್ಯಕ್ಕೆ ಕರೆ ಬಂತು. ಹೋಗಲು ಟೆಂಪೊ ಗೊತ್ತುಮಾಡಿದ್ದೂ ಆಯಿತು. ಯಾರು ಮೊದಲು ರೇಡ್ ಹೋಗಬೇಕೆಂಬ ಜಗಳವೂ ಆಗಿ ಮುಗಿಯಿತು.

ಅಷ್ಟರಲ್ಲಿ ಮಳೆ ಬಂತು. ಗಂಡಸರೂ ಬಂದರು.

ಮಾರುತಿ ಮಾವ ಕೆಟ್ಟವನಲ್ಲ. ಹೈದರಾಬಾದಿನ ಚಹಾ ಹೋಟೆಲಿನ ಟಿವಿಯಲ್ಲಿ ಹೆಂಡತಿಯನ್ನು ಕಂಡು, "ಅಕಿ ನನ್ನ ಹೇಣ್ತಿ," ಅಂತ ಕೂತವರಿಗೆಲ್ಲ ಹೇಳಿದ್ದನಂತೆ. ಊರಿಗೆ ಬಂದ ಮೇಲೆ ಔರಾದಿನ ಪಂದ್ಯದ ಮಾತು ಕಿವಿಗೆ ಬಿತ್ತು. ಬೈಯಲಿಲ್ಲ. ಮೆತ್ತಗೆ ಕೇಳಿದ: "ಟಿವ್ಯಾಗ ಬಂದೀಯಲ್ಲ, ಇನ್ನೇನು ಬೇಕು?"

ಮರುದಿನದಿಂದ ಬಯಲಿನಲ್ಲಿ ಗಂಡಸರ ಪ್ರಾಕ್ಟೀಸ್. ಹೆಂಗಸರು ಬಿತ್ತನೆಗೆ. ಟೆಂಪೊದವನಿಗೆ ಬೇಡವೆಂದು ಹೇಳಿ ಕಳಿಸಿದರು.

ಮೊನ್ನೆ ಭಾನುವಾರ, ಆ ತುಣುಕು ಮುಗಿದದ್ದೇ, ಸೋಫಾದಲ್ಲಿ ಕುಳಿತ ಹಳೆಯ ನಿರೂಪಕರು ಕನ್ನಡಕ ತೆಗೆದು ಭಾವುಕರಾದರು. ಹಳ್ಳಿಯ ಮಹಿಳೆಯರನ್ನು ಮೈದಾನಕ್ಕೆ ತಂದ ಹೆಮ್ಮೆ ನಮ್ಮ ಕಾರ್ಯಕ್ರಮದ್ದು ಎಂದರು. ಸ್ಟುಡಿಯೊದಲ್ಲಿ ಚಪ್ಪಾಳೆ.

"ಖರೇ ಏನಕ್ಕಾ, ಇವರೇ ತಂದದ್ದು?" ಅಂತ ಕೇಳಿದೆ.

"ಇವರಲ್ಲೋ ತಮ್ಮಾ," ಅಂದಳು ರತ್ನಕ್ಕ. "ಬರಗಾಲ ತಂದಿತ್ತು. ಮಳಿ ಬಂದು ವಾಪಸ್ ಒಯ್ತು."

ಅವಳು ನಗುತ್ತಾಳೆಂದುಕೊಂಡೆ. ನಗಲಿಲ್ಲ. ಟಿವಿಯಲ್ಲಿ ಆಗಲೇ ಕ್ರಿಕೆಟ್ ಶುರುವಾಗಿತ್ತು. ಅದನ್ನೇ ನೋಡುತ್ತ ಚಹಾದ ಕಪ್ಪು ಕೆಳಗಿಟ್ಟು, "ಔರಾದದವರನ್ನ ಸೋಲಿಸ್ತಿದ್ದೆವು ನಾವು," ಅಂದಳು.

ಅದು ಅರೆಹೊಟ್ಟೆಯ ವರ್ಷ. ಒಂದು ಕೊಡ ನೀರಿಗೆ ಹೊಲ ದಾಟಿ ಹೋಗಬೇಕಿದ್ದ ವರ್ಷ. ಅದನ್ನು ಚೆಂದ ಮಾಡಿ ಹೇಳುವ ಆಸೆ ನನಗಿಲ್ಲ, ರತ್ನಕ್ಕನಿಗಂತೂ ಇಲ್ಲವೇ ಇಲ್ಲ. ಆದರೂ ಒಂದು ಮಾತು ಕೇಳಬೇಕು.

ಊರಿನ ಅರ್ಧ ಜನಕ್ಕೆ ಮೈದಾನ ಸಿಗಬೇಕಾದರೆ ಉಳಿದರ್ಧ ಜನ ಗುಳೆ ಹೋಗಲೇಬೇಕೆ?