ದೇವರ ಜಗಲಿ ಸೇರಿದ ಬ್ಯಾಕಪ್

ಗೆಳೆಯರೇ, ಡೇಟಾಬೇಸ್ ಪಾಠಗಳೆಲ್ಲ ಹೇಳುವುದು ಎರಡೇ ಮಾತು: ಬ್ಯಾಕಪ್ ಬೇರೆ ಕಡೆ ಭದ್ರವಾಗಿಡಿ, ಆಗಾಗ ತೆರೆದು ನೋಡಿ. ಹಳಿಯಾಳದ ನಮ್ಮ ಹಾಲಿನ ಸಂಘದ ಮ್ಯಾನೇಜರ್ ಬಸಪ್ಪನವರಿಗೂ ಅದನ್ನೇ ಹೇಳಿ ಬ್ಯಾಕಪ್ ತುಂಬಿದ ಹಾರ್ಡ್ ಡಿಸ್ಕ್ ಕೊಟ್ಟಿದ್ದೆ.

ಇಂದು ಆಫೀಸಿನ ಕಂಪ್ಯೂಟರ್ ಕೆಟ್ಟಿತು, ಸದಸ್ಯರ ಮಾಹಿತಿಯೆಲ್ಲ ಹೋಯಿತು. ಬಸಪ್ಪನವರು ಮನೆಯಿಂದ ಡಿಸ್ಕ್ ತಂದರು. ಡಿಸ್ಕಿನ ಮೈಮೇಲೆ ವಿಭೂತಿ, ಕೇಬಲ್ ಚುಚ್ಚುವ ತೂತಿನ ತುಂಬ ಒಣಗಿದ ಪಂಚಾಮೃತ!

"ಏನ್ರೀ ಇದು?"

"ಭದ್ರ ಇಡ್ರಿ ಅಂದಿದ್ರಲ್ರೀ. ದೇವರ ಜಗಲಿ ಮ್ಯಾಲ ಇಟ್ಟಿದ್ದೆ."

"ಒಮ್ಮಿಯಾದ್ರೂ ಕಂಪ್ಯೂಟರಿಗೆ ಹಚ್ಚಿ ನೋಡಿದ್ರಿ?"

"ಅದೊಂದು ಆಗಿಲ್ಲ ಖರೆ. ಆದ್ರ ಒಂದಿನಾನೂ ಪೂಜಾ ತಪ್ಪಿಸಿಲ್ಲ ನೋಡ್ರಿ."

ಡಿಸ್ಕ್ ಉಸಿರೆತ್ತುತ್ತಿಲ್ಲ. ನಾನು ತಲೆ ಚಚ್ಚಿಕೊಳ್ಳುತ್ತ ಕೂತಿದ್ದೇನೆ. ಅವರು ಹೊಸ ಡಿಸ್ಕ್ ಕೇಳುತ್ತಿದ್ದಾರೆ, ಜಗಲಿ ಬಿಕೋ ಅನ್ನುತ್ತಿದೆಯಂತೆ.