ಎರಡು ಸಲ ಏಳು ಎಣಿಸಿದವನು

ಹಳೆಯ ಧಾರಾವಾಹಿಯನ್ನು ಮತ್ತೆ ಶುರು ಮಾಡುತ್ತಿದ್ದೇವೆ, ಮೊದಲಿದ್ದವರಲ್ಲಿ ನೀವಂತೂ ಇರಲೇಬೇಕು ಎಂದು ಬೆಂಗಳೂರಿನಿಂದ ಫೋನ್ ಬಂದಾಗ ನಾನು ನರಗುಂದದ ಮಾರ್ಕೆಟ್ ಯಾರ್ಡಿನಲ್ಲಿ ಕಡಲೆ ತೂಗುತ್ತಿದ್ದೆ. ತೂಕ ನಡೆದಾಗ ನಾನು ಯಾರ ಫೋನನ್ನೂ ಎತ್ತುವವನಲ್ಲ. ಅವತ್ತು ಮಗಳದಿರಬೇಕೆಂದು ಎತ್ತಿದೆ. ‘ಕಾಟಾದ ಮ್ಯಾಲ ಚೀಲ ಐತ್ರಿ, ತಾಸು ಬಿಟ್ಟು ಮಾಡ್ರಿ’ ಎಂದು ಇಟ್ಟುಬಿಟ್ಟೆ. ಉಳಿದ ಚೀಲಗಳನ್ನೆಲ್ಲ ತೂಗಿ ಮುಗಿಸಿ ನೋಡಿಕೊಂಡರೆ ಅಂಗೈ ಬೆವತಿತ್ತು. ಖುಷಿಗೆ ಬೆವತಿತ್ತೋ ಅಂಜಿಕೆಗೋ, ಆ ಹೊತ್ತಿಗೆ ತಿಳಿಯಲಿಲ್ಲ.

ನಾನು ಆರನೇ ಇಯತ್ತೆಗೆ ಸಾಲಿ ಬಿಟ್ಟವ. ಅಪ್ಪ ಇದೇ ಯಾರ್ಡಿನಲ್ಲಿ ಹಮಾಲ. ಅವನ ಹಿಂದೆ ನಾನೂ ಬಂದೆ. ಮೊದಲು ಚೀಲದ ಬಾಯಿ ಹೊಲಿದೆ, ಮೈಯಲ್ಲಿ ಕಸುವು ಬಂದ ಮೇಲೆ ಚೀಲ ಹೊತ್ತೆ, ಮೂವತ್ತು ತುಂಬುವುದರೊಳಗೆ ತೂಕದವನ ಲೈಸೆನ್ಸ್ ತೆಗೆದುಕೊಂಡೆ. ಯಾರ ಕೈಕಾಲೂ ಹಿಡಿಯಲಿಲ್ಲ. ತೂಕದವನ ಕೆಲಸ ಅಂದರೆ ಇಷ್ಟೇ: ರೈತ ತಂದ ಮಾಲು ಎಷ್ಟಾಯಿತು ಎಂದು ಅವನ ಎದುರಿಗೂ ಕೊಳ್ಳುವವನ ಎದುರಿಗೂ ಕೂಗಿ ಹೇಳುವುದು. ಇಬ್ಬರೂ ನಂಬಬೇಕು. ಒಬ್ಬ ನಂಬದಿದ್ದರೂ ಆ ಬಾಯಿಗೆ ಕಿಮ್ಮತ್ತಿಲ್ಲ.

ನಮ್ಮ ಕಡೆ ಕಾಳು ಅಳೆಯುವಾಗ ಮೊದಲನೆಯದಕ್ಕೆ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತೇವೆ. ಲಾಭ, ಎರಡು, ಮೂರು ಎಂದು ರಾಗ ಎಳೆಯುತ್ತ ಹೋಗುವುದು. ಅಪ್ಪ ಸಣ್ಣವನಿದ್ದಾಗ ಎಲ್ಲವನ್ನೂ ಹಿತ್ತಾಳೆಯ ಕೊಳಗದಲ್ಲೇ ಅಳೆಯುತ್ತಿದ್ದರಂತೆ. ಆ ಕೈಚಳಕವನ್ನು ಅವನು ನನಗೂ ಕಲಿಸಿದ್ದ. ಕೊಳಗವನ್ನು ರಾಶಿಗೆ ಹಾಕಿ ಎತ್ತಿ, ಅಂಗೈಯಿಂದ ಅದರ ಬಾಯಿ ಸವರಿ, ಒಂದು ಕಾಳೂ ಚೆಲ್ಲದಂತೆ ಚೀಲಕ್ಕೆ ಸುರಿಯಬೇಕು.

ಇಪ್ಪತ್ತು ವರ್ಷದ ಮೇಲಾಯಿತು. ರೋಣದ ಹತ್ತಿರ ಒಂದು ಹಳ್ಳಿಯ ವಾಡೆಯಲ್ಲಿ ಟೀವಿಯವರು ಬಂದು ಇಳಿದಿದ್ದರು. ಅಜ್ಜನ ಕಾಲದ ಗೌಡಕಿಯ ಕಥೆ. ಕೊಳಗ ಹಿಡಿಯಲು ಬಲ್ಲ ಮನುಷ್ಯ ಬೇಕೆಂದು ಯಾರ್ಡಿಗೆ ಹುಡುಕಿಕೊಂಡು ಬಂದು ನನ್ನನ್ನು ಕರೆದೊಯ್ದರು. ಗೌಡರ ಮನೆಯ ಅಳತೆಯವನ ಪಾತ್ರ, ಎರಡು ದಿನದ ಕೆಲಸ ಎಂದಿದ್ದರು. ಅಲ್ಲಿ ನಾನೊಂದು ಶಾಣ್ಯಾತನ ಮಾಡಿದೆ. ಮೋಸಗಾರರು ಹೇಗೆ ಅಳೆಯುತ್ತಾರೆ ಎಂದು ಅಪ್ಪ ಹೇಳಿದ್ದನ್ನು ನಿರ್ದೇಶಕರಿಗೆ ಮಾಡಿ ತೋರಿಸಿದೆ. ಎಣಿಕೆ ಏಳಕ್ಕೆ ಬಂದ ಕೂಡಲೇ ‘ಮಗಳ ಲಗ್ನ ಎಲ್ಲೀಗೆ ಬಂತೋ ತಮ್ಮಾ’ ಎಂದು ರೈತನನ್ನು ಕೇಳಬೇಕು. ಪಾಪ, ಅವನು ಹೇಳಲು ಬಾಯಿ ತೆರೆಯುತ್ತಾನೆ. ಅಷ್ಟರಲ್ಲಿ ಇನ್ನೊಂದು ಕೊಳಗ ಸುರಿದು ಮತ್ತೆ ‘ಏಳು’ ಎನ್ನಬೇಕು. ರೈತನ ಒಂದು ಕೊಳಗ ಕಾಳು ಎಣಿಕೆಗೇ ಬರುವುದಿಲ್ಲ. ನನ್ನ ಮಗ ಹುಷಾರಾಗಿರಲಿ ಎಂದು ಅಪ್ಪ ಹೇಳಿಕೊಟ್ಟದ್ದನ್ನು ನಾನು ಕ್ಯಾಮೆರಾದ ಮುಂದೆ ಆಡಿ ತೋರಿಸಿದೆ. ಎರಡು ದಿನದ ಪಾತ್ರ ಎರಡು ವರ್ಷ ನಡೆಯಿತು.

ಹೆಸರು ಬಂತು. ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಲ್ಲಿ ಕಾಲೇಜಿನ ಹುಡುಗಿಯರು ನನ್ನನ್ನು ನೋಡಿ ‘ಏಳೂ’ ಎಂದು ರಾಗ ಎಳೆದು ನಗುತ್ತಿದ್ದರು. ರೋಣದ ಕಟಿಂಗ್ ಅಂಗಡಿಯಲ್ಲಿ ಪಾಳಿ ಬಿಟ್ಟು ನನ್ನನ್ನು ಮೊದಲು ಕೂರಿಸಿದರು. ಖರೇ ಹೇಳುತ್ತೇನೆ, ತಲೆಗೆ ಪಟಗಾ ಸುತ್ತಿಕೊಂಡು ಲೈಟಿನ ಮುಂದೆ ನಿಂತಾಗ ಸಿಗುತ್ತಿದ್ದ ಸುಖ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಯಾರ್ಡಿನ ಕಥೆ ಬೇರೆ. ಯಾವಗಲ್ ಊರಿನ ಹಿರಿಯರೊಬ್ಬರು ಗೋವಿನಜೋಳ ತಂದಿದ್ದರು. ತೂಗುತ್ತ ತೂಗುತ್ತ ರೂಢಿಯಂತೆ ‘ಮಾಮಾ, ಎಮ್ಮಿ ಈದೈತೇನ್ರಿ’ ಎಂದು ಕೇಳಿದೆ. ಅವರು ಬಂದು ಚೀಲದ ಮೇಲೆ ಕೈ ಇಟ್ಟುಬಿಟ್ಟರು.

‘ಎಮ್ಮಿ ಸುದ್ದಿ ಆಮ್ಯಾಲ. ಈಗ ಎಷ್ಟ ಅಂದಿ?’

‘ನಾಕರಿ.’

‘ಮುಂದಿಂದು ಐದು. ನೀ ಅನ್ನೂದು ಬ್ಯಾಡ, ನಾನ ಅಂತೀನಿ.’

ಸುತ್ತಲಿದ್ದವರು ನಕ್ಕರು, ನಾನೂ ನಕ್ಕೆ. ಆದರೆ ಆ ದಿನದಿಂದ ತೂಗುವಾಗ ಯಾರ ಮನೆಯ ಸುದ್ದಿಯನ್ನೂ ಕೇಳುವಂತಿರಲಿಲ್ಲ. ‘ನಿಮ್ಮ ಕಡೆ ಮಳಿ ಹ್ಯಾಂಗ್ರಿ’ ಎಂದರೂ ರೈತರ ಕಣ್ಣು ನನ್ನ ಕೈಗೇ ಅಂಟಿಕೊಳ್ಳುತ್ತಿತ್ತು.

ಆ ನಗೆಯೂ ಒಂದು ದಿನ ನಿಂತಿತು. ಅಸೂಟಿಯ ಒಬ್ಬ ರೈತ ಹೆಸರುಕಾಳು ತಂದಿದ್ದ. ಮನೆಯಲ್ಲಿ ಹೇರುವಾಗ ನಲವತ್ತೊಂದು ಚೀಲ, ನನ್ನ ಬಾಯಲ್ಲಿ ನಲವತ್ತು. ಅವನು ನನಗೆ ಏನೂ ಅನ್ನಲಿಲ್ಲ. ಯಾರೂ ಅನ್ನಲಿಲ್ಲ. ಅಷ್ಟು ಮಂದಿ ಸುಮ್ಮನೆ ನನ್ನ ಮುಖ ನೋಡುತ್ತ ನಿಂತರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ದಲಾಲಿ ಅಂಗಡಿಯ ಸಾವುಕಾರರು ‘ನಾಕ ದಿವಸ ಮನ್ಯಾಗ ಇರಪಾ’ ಎಂದರು. ‘ನಾ ಹೋಗೂದಿಲ್ರಿ’ ಎಂದೆ. ಪೇರಿಸಿಟ್ಟ ನಿಟ್ಟನ್ನೆಲ್ಲ ಕೆಡವಿ, ಒಂದೊಂದೇ ಚೀಲವನ್ನು ನಾನೇ ಎತ್ತಿ ಬೇರೆ ಕಡೆ ಇಟ್ಟು ಎಣಿಸಿದೆ. ಎರಡು ತಾಸು ಹಿಡಿಯಿತು. ನಲವತ್ತೇ. ಆಮೇಲೆ ಆ ರೈತನ ತಮ್ಮ ಬಸ್ಸಿಗೆ ಬಂದವನು ಹೇಳಿದ: ಟ್ರ್ಯಾಕ್ಟರ್ ಹೊರಡುವ ಮುಂಚೆ ಅವರ ಅವ್ವ ಬೀಜಕ್ಕಿರಲಿ ಎಂದು ಒಂದು ಚೀಲ ಇಳಿಸಿಕೊಂಡಿದ್ದಳು. ‘ಬರ್ರಿ, ಚಹಾ ಕುಡಿಯೂಣು’ ಎಂದು ಅಣ್ಣತಮ್ಮಂದಿರು ಕರೆದರು. ನಾನು ಕುಡಿಯಲಿಲ್ಲ.

ಮರುದಿನದಿಂದ ಎಣಿಕೆ ಕೂಗುವುದನ್ನು ಬಿಟ್ಟೆ. ‘ಎಣಿಕಿ ನೀವ ಕೂಗ್ರಿ’ ಎಂದು ರೈತರಿಗೇ ಹೇಳತೊಡಗಿದೆ. ಲಾಭ ಎನ್ನುವವರೂ ಅವರೇ, ಕೊನೆಯ ಚೀಲ ಎಷ್ಟನೆಯದು ಎನ್ನುವವರೂ ಅವರೇ. ಕಾಟಾದ ಕೆಂಪು ಅಂಕಿಯನ್ನು ಅವರು ನೋಡಿ ತಲೆ ಅಲ್ಲಾಡಿಸಿದ ಮೇಲೆಯೇ ಚೀಲ ಇಳಿಸುತ್ತೇನೆ. ಧಾರಾವಾಹಿ ಮುಗಿಯಿತು. ಮಂದಿ ಅದನ್ನು ಮರೆಯಲು ಹತ್ತು ವರ್ಷ ಹಿಡಿಯಿತು. ಈಗ ಹೊಸ ರೈತರಿಗೆ ನಾನು ಬರೀ ತೂಕದವ. ಕೆಲವರು ನನ್ನ ಕಾಟಾವೇ ಬೇಕೆಂದು ಅರ್ಧ ದಿವಸ ಕಾಯುತ್ತಾರೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬ ಅಂದರೂ ಅನ್ನಲಿ, ದುಡಿದು ಗಳಿಸಿದ್ದು.

ಇಂಥದ್ದರೊಳಗೆ ಬಂದ ಫೋನ್ ಅದು. ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು.

‘ಮತ್ತ ಕಳ್ಳ ಆಗಾಕ ಕರದಾರ ಅನ್ರಿ.’

‘ನಾ ಇಲ್ಲಂದ್ರ ಧಾರಾವಾಹಿನ ಇಲ್ಲ ಅಂತಾರ.’

‘ಹಂಗ ಅನ್ನಾಕ ಅವರಿಗೆ ಪಗಾರ ಕೊಟ್ಟಿರ್ತಾರ. ನಿಮಗ ಹೋಗ್ಬೇಕಂತ ಐತಿ, ಹೌದಲ್ರಿ?’

ನಾನು ತಾಟು ಹಾಕಿಕೊಂಡು ಕೂತೆ.

‘ಹೋಗ್ರಿ. ಆಗ ಕಳ್ಳನ ಹೇಣ್ತಿ ಅಂತ ನಳದ ಮುಂದ ನನ್ನ ಕೊಡಾ ನಾಕ ಮಂದಿ ಎಣಸ್ತಿದ್ರು. ಈಗ ಮನೀಗೇ ನಳಾ ಬಂದೈತಿ, ನನಗೇನ ತ್ರಾಸಿಲ್ಲ.’

ಯಾರ್ಡಿನ ಚಹಾದಂಗಡಿಯಲ್ಲಿ ಎರಡು ಪಾರ್ಟಿಯಾದವು. ‘ನೀ ಇಲ್ಲದ ಅದನ್ನ ಯಾವ ಮಗಾ ನೋಡ್ತಾನ’ ಎಂದ, ನನ್ನ ಜೋಡಿ ಹಮಾಲಿ ಮಾಡಿದ ದೋಸ್ತ. ‘ವಯಸ್ಸಾತು, ಮೊದಲಿನ ಆಟ ಎಲ್ಲೀದು? ಚಲೋ ಇದ್ದಾಗ ನೋಡೇವಿ, ಸಾಕು’ ಎಂದ ಇನ್ನೊಬ್ಬ. ‘ಮುಖಕ್ಕ ಬಣ್ಣಾ ಬಡದ್ರ ಮುಪ್ಪು ಕಾಣ್ಸೂದಿಲ್ಲ ಬಿಡ’ ಎಂದು ದೋಸ್ತ ಪಟ್ಟು ಹಿಡಿದ. ಹೋಗು ಎಂದವರೂ ಬೇಡ ಎಂದವರೂ ನನ್ನ ಮುಖದ ಬಗ್ಗೆಯೇ ಮಾತಾಡಿದರು. ಕಾಟಾದ ಮಾತು ಯಾರ ಬಾಯಲ್ಲೂ ಬರಲಿಲ್ಲ. ಬರಲಿಲ್ಲವಲ್ಲ ಎಂದು ನನಗೂ ಧೈರ್ಯ ಬಂತು. ಎಲ್ಲ ಹಳೇ ಮಾತು, ಈಗಿನ ಮಂದಿ ಶಾಣ್ಯಾ ಇದ್ದಾರೆ ಎಂದುಕೊಂಡು ಒಂದು ದಿನದ ಪರೀಕ್ಷೆಗೆ ಗಜೇಂದ್ರಗಡಕ್ಕೆ ಹೋದೆ.

ಗುಡ್ಡದ ಕೆಳಗಿನ ಒಂದು ಹಳೇ ಮನೆಯ ಅಂಗಳದಲ್ಲಿ ಕಡಲೆಯ ರಾಶಿ ಹಾಕಿದ್ದರು. ನಿರ್ದೇಶಕಿ ನನ್ನ ಮಗಳ ವಾರಿಗೆಯವರು. ‘ಚಿಕ್ಕವಳಿದ್ದಾಗ ನಿಮ್ಮನ್ನ ಎಷ್ಟು ಬೈದಿದ್ದೀನಿ ಗೊತ್ತಾ ಸರ್’ ಎಂದರು. ‘ಭಾಳ ಮಂದಿ ಬೈದಾರ್ರಿ ಮೇಡಂ’ ಎಂದೆ.

ಪಟಗಾ ಸುತ್ತಿದರು. ಕೊಳಗ ಕೈಗೆ ಬಂತು. ಇಪ್ಪತ್ತು ವರ್ಷ ಹೊರಗೆ ಬಾರದಿದ್ದ ರಾಗ ಗಂಟಲಲ್ಲೇ ಕೂತಿತ್ತೋ ಏನೋ, ಲಾಭ ಎನ್ನುವಷ್ಟರಲ್ಲಿ ಅಂಗಳ ಗಪ್ಪಾಯಿತು. ಏಳಕ್ಕೆ ಬಂದೆ, ಲಗ್ನದ ಸುದ್ದಿ ಕೇಳಿದೆ, ಕೊಳಗ ಸುರಿದು ಮತ್ತೆ ಏಳು ಎಂದೆ. ನೋಡಲು ಬಂದ ಮಂದಿ ಹೋ ಎಂದು ನಕ್ಕರು. ಈ ಪಾತ್ರ ನನ್ನದೇ, ಇನ್ನೊಬ್ಬರ ಪಾಲಾಗಬಾರದು ಎಂದು ಆ ಗಳಿಗೆಯಲ್ಲಿ ನಿಶ್ಚಯ ಮಾಡಿಬಿಟ್ಟೆ.

ನೆರಳಿಗೆ ಬಂದು ನೀರು ಕುಡಿಯುತ್ತಿದ್ದಾಗ ಒಬ್ಬ ನಗುತ್ತ ಬಂದು ಕೈ ಹಿಡಿದ. ಯಾವಗಲ್ಲಿನ ರೈತ. ಹಿಂದಿನ ವಾರ ನನ್ನ ಹತ್ತಿರವೇ ಕಡಲೆ ತೂಗಿಸಿದ್ದ. ಮಾವನ ಮನೆಗೆಂದು ಗಜೇಂದ್ರಗಡಕ್ಕೆ ಬಂದಿದ್ದನಂತೆ.

‘ಭಾರಿ ಮಾಡಿದ್ರಿ ಕಾಕಾ. ಹೊಟ್ಟಿ ಹಿಡಕೊಂಡ ನಕ್ಕೆ.’ ಹೊರಟವನು ತಿರುಗಿ, ‘ಕಾಕಾ, ಹೋದ ಸೋಮವಾರ ನಂದು ಎಷ್ಟ ಚೀಲ ಆಗಿದ್ದೂರಿ?’ ಎಂದ.

‘ಇಪ್ಪತ್ತಾರು. ನೀನ ಎಣಿಸೀದಿಯಲ್ಲೋ.’

‘ಹೌದ್ ಹೌದ್. ನಾನ ಎಣಿಸೀನಿ. ಸುಮ್ನ ಕೇಳಿದೆ.’

ಅವನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ನಗುತ್ತಲೇ ಹೋದ. ಆದರೆ ಹೋಗುವಾಗ ಅವನ ತುಟಿ ಸಣ್ಣಗೆ ಅಲ್ಲಾಡುತ್ತಿತ್ತು. ತನ್ನ ಎಣಿಕೆಯನ್ನು ತಾನೇ ಮತ್ತೊಮ್ಮೆ ಎಣಿಸುತ್ತಿದ್ದ. ಟೀವಿಯಲ್ಲಿ ಇನ್ನೂ ಒಂದು ದಿನವೂ ಬಂದಿರಲಿಲ್ಲ, ಆಗಲೇ ಒಬ್ಬ.

ಪಟಗಾ ಬಿಚ್ಚಿ ಮಡಚಿ ನಿರ್ದೇಶಕಿಯ ಕೈಗೆ ಕೊಟ್ಟೆ. ‘ಬೇರೆಯವರು ಮಾಡಿದ್ರೆ ಜನ ಒಪ್ಪಲ್ಲ ಸರ್’ ಎಂದರು. ಯಾರ್ಡಿನ ವಿಷಯವನ್ನೆಲ್ಲ ಬಿಡಿಸಿ ಹೇಳಿದೆ. ಚಲೋ ಹೆಣ್ಣುಮಗಳು, ಪೂರಾ ಕೇಳಿಸಿಕೊಂಡರು. ಆಮೇಲೆ ಒಂದು ದಾರಿ ಹೇಳಿದರು: ‘ಮುಖ ಬೇರೆಯವರದ್ದಿರಲಿ. ಅಳೆಯೋ ಕೈ ಮಾತ್ರ ನಿಮ್ಮದು ತೋರಿಸ್ತೀವಿ. ಯಾರಿಗೂ ಗೊತ್ತಾಗಲ್ಲ.’

ಆಸೆ ಹುಟ್ಟಿತು. ವಿಚಾರ ಮಾಡಿ ಹೇಳುತ್ತೇನೆಂದು ಬಸ್ ಹತ್ತಿದೆ. ದಾರಿಯುದ್ದಕ್ಕೂ ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತ ಕೂತೆ. ರೋಣದಲ್ಲಿ ಬಸ್ ಬದಲಿಸುವಾಗ ಫೋನ್ ಮಾಡಿದೆ. ‘ಕೈನೂ ಆಗೂದಿಲ್ರಿ ಮೇಡಂ. ನಾ ಅನ್ನಾ ತಿನ್ನೂದು ಮುಖದ ಮ್ಯಾಲ ಅಲ್ಲ, ಇವ ಕೈ ಮ್ಯಾಲ. ಬೇಕಂದ್ರ ಯಾರಿಗೆ ಹೇಳ್ತೀರಿ ಅವರಿಗೆ ಕಲಿಸಿಕೊಡ್ತೀನಿ.’ ಇಷ್ಟು ಹೇಳಿದ ಮೇಲೆ ಹಸಿವೆ ಗೊತ್ತಾಯಿತು. ಮುಂಜಾನೆಯಿಂದ ಏನೂ ತಿಂದಿರಲಿಲ್ಲ. ಸ್ಟ್ಯಾಂಡಿನ ಎದುರಿಗೆ ನಿಂತು ಎರಡು ತಾಟು ಮಿರ್ಚಿ ಮಂಡಕ್ಕಿ ತಿಂದೆ.

ಅವರು ಆರಿಸಿದ್ದು ಕಂಪನಿ ನಾಟಕದಲ್ಲಿ ಮೂವತ್ತು ವರ್ಷ ಖಳನ ಪಾತ್ರ ಮಾಡಿದ ಒಬ್ಬ ನಟರನ್ನು. ನನ್ನ ವಯಸ್ಸಿನವರೇ, ಗಜೇಂದ್ರಗಡದಲ್ಲೇ ಮನೆ. ಎಂಟು ದಿನ, ಯಾರ್ಡ್ ಮುಗಿದ ಮೇಲೆ ಹೋಗಿ ಕಲಿಸಿದೆ. ಮೊದಲ ದಿನ ಅಂಗಳದ ತುಂಬ ಕಡಲೆ.

‘ಕತ್ತಿ ಹಿಡದ ಕೈರಿ ಇದು, ಸಾಹೇಬ್ರ’ ಎಂದರು.

‘ಕತ್ತಿ ಬಿದ್ರ ನಡೀತೈತ್ರಿ. ಕಾಳ ಬೀಳಬಾರ್ದು.’

ಎಂಟನೆಯ ದಿನ ಕೆಳಗೆ ಒಂದು ಕಾಳೂ ಬೀಳಲಿಲ್ಲ. ಏಳನ್ನು ಎರಡನೆಯ ಸಲ ಹೇಳುವಾಗ ಅವರು ರೈತನ ಪಾತ್ರದವನ ಹೆಗಲ ಮೇಲೆ ಎಡಗೈ ಇಟ್ಟರು. ಅದು ನಾನು ಕಲಿಸಿದ್ದಲ್ಲ, ಅವರದ್ದೇ. ಟೀವಿಯಲ್ಲಿ ಅದನ್ನು ನೋಡಿದಾಗ ಹೊಟ್ಟೆಯಲ್ಲಿ ಸ್ವಲ್ಪ ಉರಿಯಿತು, ಸುಳ್ಳು ಯಾಕೆ ಹೇಳಲಿ. ಹೆಂಡತಿ ಓರೆಗಣ್ಣಿನಿಂದ ನನ್ನನ್ನೇ ನೋಡುತ್ತಿದ್ದಳು. ‘ನಿಮ್ಮಷ್ಟ ಚಲೋ ಇಲ್ಲ ಬಿಡ್ರಿ’ ಎಂದಳು. ಅವಳಿಗೂ ಗೊತ್ತು, ಅವರು ನನಗಿಂತ ಚಲೋ ಇದ್ದರು.

ಮರುದಿನ ಅಂಜುತ್ತಲೇ ಯಾರ್ಡಿನಲ್ಲಿ ಕಾಲಿಟ್ಟೆ. ರೈತರು ಬಂದರು, ಚೀಲ ಇಳಿಸಿದರು. ಎಲ್ಲರ ಬಾಯಲ್ಲಿ ಧಾರಾವಾಹಿ, ಆದರೆ ಬೈಗುಳವೆಲ್ಲ ಆ ನಟರಿಗೆ. ‘ಇಂವಾ ನಿನಗಿಂತ ದೊಡ್ಡ ಕಳ್ಳ ಅದಾನಲೇ’ ಎಂದ ದೋಸ್ತ. ಯಾರೂ ನನ್ನ ಕೈ ನೋಡಲಿಲ್ಲ.

ವಾರ ಬಿಟ್ಟು ಆ ನಟರ ಫೋನ್ ಬಂತು. ಬುತ್ತಿ ಬಿಚ್ಚುತ್ತಿದ್ದೆ. ‘ಸಾಹೇಬ್ರ, ಇವತ್ತ ಸಂತ್ಯಾಗ ಉಳ್ಳಾಗಡ್ಡಿ ಮಾರೋ ಮುದುಕಿ ನನಗ ಕಳ್ ಭಾಡ್ಯಾ ಅಂದ್ಲರಿ. ತಕ್ಕಡಿ ಮುಟ್ಟಬ್ಯಾಡ, ದೂರ ನಿಂದ್ರು ಅಂದ್ಲು.’

ನನ್ನ ಹೊರೆಯನ್ನು ಇವರ ತಲೆಯ ಮೇಲೆ ಹೊರಿಸಿದೆನಲ್ಲ ಎನಿಸಿತು. ‘ಮನಸ್ಸಿಗೆ ಹಚ್ಕೋಬ್ಯಾಡ್ರಿ’ ಎಂದೆ.

‘ಏ, ಏನ್ ಮಾತಂತ ಆಡ್ತೀರಿ. ಮೂವತ್ತು ವರ್ಷ ಸ್ಟೇಜಿನ ಮ್ಯಾಲ ಒದರೀನಿ, ಸಂತ್ಯಾಗ ನಿಂದ್ರಿಸಿ ಯಾರೂ ಬೈದಿದ್ದಿಲ್ಲ. ಮನ್ಯಾಕಿಗೆ ಹೇಳಿದ್ರ ಹೋಳಗಿ ಮಾಡಾಕ ಕುಂತಾಳ. ನೀವೂ ಬರ್ರಲಾ, ಜೋಡಿ ಊಟಾ ಮಾಡೂಣು.’

ನಾನು ನಕ್ಕೆ. ನನ್ನ ಅನ್ನದ ಮೇಲೆ ಕಲ್ಲು ಹಾಕಿದ ಬೈಗುಳ ಆ ಮನುಷ್ಯನಿಗೆ ಅನ್ನವೇ ಆಗಿತ್ತು. ಪಾತ್ರ ಸೇರಬೇಕಾದವರ ಮನೆ ಸೇರಿತ್ತು. ಐದರ ಬಸ್ಸಿಗೆ ಬರುತ್ತೇನೆಂದು ಹೇಳಿ, ಅರ್ಧ ಬಿಚ್ಚಿದ ಬುತ್ತಿಯನ್ನು ಮತ್ತೆ ಕಟ್ಟಿಟ್ಟೆ.